ಮಡಿಕೇರಿ ಮಳೆಯಲ್ಲಿ ರೆಕ್ಕೆಗೊಂದು ಹೊದಿಕೆ

ಜೂನ್ ಕೊನೆ

ಹಾರಿಸಲೆಂದು ಕಟ್ಟುತ್ತಿರುವ ಪುಟ್ಟ ಮಾದರಿ ವಿಮಾನದ ಬಾಲ್ಸಾ (ತುಂಬ ಹಗುರ ಮರ) ಚೌಕಟ್ಟು ಮುಗಿದು ವಾರವಾಯಿತು. ರೆಕ್ಕೆ 120 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ. ಮೇಲೆ ಕೆಳಗೆ ಸೇರಿ ಸುಮಾರು ಅರ್ಧ ಚದರ ಮೀಟರ್ ಹೊದಿಸಬೇಕು. ಮಾದರಿ ವಿಮಾನಕ್ಕೆಂದೇ ಬರುವ, ಬಿಸಿಗೆ ಬಿಗಿಯಾಗುವ ಒರಾಕವರ್ ಥರದ ಪ್ಲಾಸ್ಟಿಕ್ ಫಿಲ್ಮ್ ತರಿಸಿದರೆ ಕೆಲಸ ಸಲೀಸು. ಆದರೆ ಒಂದು ರೋಲಿಗೆ ಕೊಡುವ ದುಡ್ಡು ನನ್ನ ಇಡೀ ಚೌಕಟ್ಟಿಗೆ ಬಿದ್ದದ್ದಕ್ಕಿಂತ ಜಾಸ್ತಿ. ಇದು ಹಾರಿಸಲು ಕಲಿಯುವ ವಿಮಾನ. ಗದ್ದೆಯಲ್ಲಿ ಮೂತಿ ಒಡೆದುಕೊಳ್ಳುವುದು ಗ್ಯಾರಂಟಿ. ಊರಲ್ಲಿ ಸಿಗುವುದರಲ್ಲೇ ನೋಡೋಣ ಅಂತ ಹೊರಟೆ.

ಏನೇ ತಂದರೂ ಮೊದಲು ಎ4 ಅಳತೆಗೆ ಕತ್ತರಿಸಿ, ಚಿನ್ನ ತೂಗುವಂಥ ಪುಟ್ಟ ತಕ್ಕಡಿಯಲ್ಲಿ ಇಡುತ್ತೇನೆ. ಬಂದ ಗ್ರಾಂ ಅನ್ನು 16ರಿಂದ ಗುಣಿಸಿದರೆ ಒಂದು ಚದರ ಮೀಟರಿನ ತೂಕ. ಗಾಳಿಪಟದ ಕಾಗದ 1.3 ಗ್ರಾಂ. ಪುಸ್ತಕಕ್ಕೆ ಬೈಂಡ್ ಹಾಕುವ ಬ್ರೌನ್ ಪೇಪರ್ 5 ಗ್ರಾಂ, ನೀರು ಬೆರೆಸಿದ ಫೆವಿಕಾಲ್ ಬಳಿದು ಒಣಗಿಸಿದ ಮೇಲೆ ಆರೂವರೆ. ಅಂದರೆ ರೆಕ್ಕೆಗೇ 50 ಗ್ರಾಂ ಹೊರೆ. ಗಟ್ಟಿ ಏನೋ ಹೌದು, ಆದರೆ ಬಾಲಕ್ಕೂ ಅದನ್ನೇ ಹಾಕಿದರೆ ಅಲ್ಲಿ ಹೆಚ್ಚಾದ ಒಂದೊಂದು ಗ್ರಾಂಗೂ ಸಮತೋಲನಕ್ಕೆ ಮೂತಿಯಲ್ಲಿ ಮೂರು ಗ್ರಾಂ ಸೀಸ ತುಂಬಬೇಕು. ಬೇಡ.

ಜುಲೈ ಎರಡನೇ ವಾರ

ಗಾಳಿಪಟದ ಕಾಗದ ಅಂಟಿಸಿ ನೀರು ಚಿಮುಕಿಸಿದೆ. ಒಣಗಿದಾಗ ಡೋಲಿನ ಥರ ಬಿಗಿಯಾಯಿತು. ಖುಷಿಯಾಗಿ ಮಲಗಿದೆ. ಬೆಳಿಗ್ಗೆ ನೋಡಿದರೆ ಹಳೇ ಬನಿಯನ್ ಥರ ಜೋತುಬಿದ್ದಿದೆ. ಇಲ್ಲಿ ಜುಲೈಯಲ್ಲಿ ಉಪ್ಪಿನ ಡಬ್ಬಿಯೇ ನೀರಾಡುತ್ತದೆ, ಕಾಗದ ಯಾವ ಲೆಕ್ಕ ಅಲ್ವಾ?

ತೇವ ತಡೆಯಲು ಬಡಗಿಗಳು ಪಾಲಿಶ್‌ಗೆ ಬಳಸುವ ಎನ್‌ಸಿ ಲ್ಯಾಕರ್ ತಂದು, ತಿನ್ನರ್ ಬೆರೆಸಿ ಬಳಿದೆ. ಹತ್ತೇ ನಿಮಿಷದಲ್ಲಿ ಮೇಲೆಲ್ಲ ಬೂದಿ ಎರಚಿದ ಹಾಗೆ ಬೆಳ್ಳಗಾಯಿತು. ತಿನ್ನರ್ ಬೇಗ ಆರುವಾಗ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂರುತ್ತದೆ. ಒಲೆ ಹತ್ತಿರ ಒಣಗಿಸಲು ಹೋದೆ. ಆ ವಾಸನೆಗೇ ಅಮ್ಮ ಓಡಿಸಿದರು. ಓಡಿಸಿದ್ದೇ ಒಳ್ಳೆಯದಾಯಿತು, ಅದು ಬೆಂಕಿ ಕಂಡರೆ ಭಗ್ ಅನ್ನುವ ಸಾಮಾನು. ಕಾಗದವನ್ನೆಲ್ಲ ಕಿತ್ತೆ. ಕಿತ್ತಾಗ ರೆಕ್ಕೆಯೊಳಗಿನ ಎರಡು ರಿಬ್ (ಅಡ್ಡಪಟ್ಟಿ) ಮುರಿದವು.

ಆಗಸ್ಟ್

ಫೋಟೋ ಲ್ಯಾಮಿನೇಷನ್ ಮಾಡುವ ಅಂಗಡಿಯಲ್ಲಿ ಫಿಲ್ಮ್ ರೋಲಿನ ಕೊನೆಗೆ ಉಳಿದ ತುಂಡು ಕೇಳಿದೆ.

"ಎಷ್ಟು ಫೋಟೋ ಇದೆ ಸಾರ್?"

"ಫೋಟೋ ಅಲ್ಲ, ರೆಕ್ಕೆಗೆ."

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಮೂರು ಮೀಟರ್ ಸುಮ್ನೆ ಕೊಟ್ಟರು. ತೆಳು ಫಿಲ್ಮ್, ಒಂದು ಬದಿಗೆ ಬಿಸಿಗೆ ಕರಗುವ ಅಂಟು. ಎ4 ತುಂಡಿನ ತೂಕ 2.6 ಗ್ರಾಂ, ರೆಕ್ಕೆಗೆ 20 ಗ್ರಾಂ ಬಂತು. ಐಡಿ ಕಾರ್ಡಿಗೆ ಹಾಕುವ ದಪ್ಪ ಪೌಚ್ ತರಬೇಡಿ, ಅದು ಇದರ ಮೂರರಷ್ಟು ಭಾರ.

ಇಸ್ತ್ರಿ ಪೆಟ್ಟಿಗೆಗೆ ಹಳೇ ಬನಿಯನ್ ಸುತ್ತಿ, ರೇಷ್ಮೆ ಗುರುತಿಗೆ ಇಟ್ಟು, ಮೊದಲು ಅಂಚುಗಳನ್ನಷ್ಟೇ ಅಂಟಿಸಿದೆ. ಆಮೇಲೆ ಬಿಸಿ ಏರಿಸಿ ನಡುವೆ ಆಡಿಸಿದರೆ ಸುಕ್ಕು ಕಣ್ಣೆದುರೇ ಓಡಿಹೋಗುತ್ತದೆ. ಆ ಖುಷಿಯಲ್ಲಿ ಮೇಲಿನ ಬದಿಯನ್ನೇ ಪೂರ್ತಿ ಬಿಗಿ ಮಾಡಿಬಿಟ್ಟೆ. ಬಲ ರೆಕ್ಕೆ ಹಪ್ಪಳದ ಥರ ತಿರುಚಿತು. ಕೆಳಗಿನ ಬದಿಯನ್ನೂ ಅಂಟಿಸಿ, ತಮ್ಮನ ಕೈಲಿ ಉಲ್ಟಾ ತಿರುಚಿ ಹಿಡಿಸಿ, ಎರಡೂ ಬದಿಗೆ ಮತ್ತೆ ಬಿಸಿ ಕೊಟ್ಟು, ತಣ್ಣಗಾಗುವವರೆಗೆ ಬಿಡದೆ ಹಿಡಿದ ಮೇಲೆ ನೆಟ್ಟಗಾಯಿತು.

ಈಗ ಬಣ್ಣದ ಪ್ರಶ್ನೆ. ಫಿಲ್ಮ್ ಪಾರದರ್ಶಕ, ತೋಟದಲ್ಲಿ ಬಿದ್ದರೆ ಹುಡುಕುವುದು ಕಷ್ಟ. ಕೆಂಪು ಟೇಪ್ ಇದೆ. ಆದರೆ ಹಾರಿಸುವುದು ಪುತ್ತರಿ ಸುಗ್ಗಿಹಬ್ಬ ಕಳೆದು ಗದ್ದೆ ಖಾಲಿಯಾದ ಮೇಲೆ, ಆಗ ಕಾಫಿ ಗಿಡದ ತುಂಬ ಕೆಂಪು ಹಣ್ಣೇ. ನೀಲಿ ಟೇಪ್ ತರಬೇಕು. ರೆಕ್ಕೆ ಸದ್ಯಕ್ಕೆ ಅಟ್ಟದಲ್ಲಿ ನೇತಾಡುತ್ತಿದೆ. ಒಂಬತ್ತು ದಿನದಿಂದ ಬಿಡದ ಮಳೆ, ಬೆರಳಲ್ಲಿ ತಟ್ಟಿದರೆ ಇನ್ನೂ ಟಣ್ ಅನ್ನುತ್ತದೆ.