ಅಂಗಾಲಿನ ಆಣಿಗೆ ಬ್ಲೇಡು ಬೇಡ

ನಮ್ಮ ತಂದೆಯವರು ಅಂಗಾಲಿನ ಆಣಿಯನ್ನು ವರ್ಷಗಳ ಕಾಲ ಕ್ಷೌರದ ಬ್ಲೇಡಿನಿಂದಲೇ ಕೆತ್ತಿಕೊಳ್ಳುತ್ತಿದ್ದರು. ಸಕ್ಕರೆ ಕಾಯಿಲೆ ಇರುವ ಅವರಿಗೆ ಹಾಗೆ ಆದ ಸಣ್ಣ ಗಾಯವೊಂದು ಮಾಯಲು 2 ತಿಂಗಳು ಹಿಡಿದ ಮೇಲೆಯೇ ನಾನು ಈ ವಿಷಯವನ್ನು ಸರಿಯಾಗಿ ತಿಳಿದುಕೊಂಡೆ.

ಒಂದೇ ಜಾಗದ ಮೇಲೆ ಒತ್ತಡವೂ ಉಜ್ಜಾಟವೂ ಮತ್ತೆ ಮತ್ತೆ ಬಿದ್ದಾಗ ಚರ್ಮವು ತನ್ನನ್ನು ಕಾಪಾಡಿಕೊಳ್ಳಲು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನಿನ ಪದರಗಳನ್ನು ಪೇರಿಸುತ್ತದೆ. ಅದು ಅಗಲವಾಗಿ ಹರಡಿದರೆ ಜಡ್ಡು. ನಡುವಿನ ಗಟ್ಟಿ ತಿರುಳು ಒಳಕ್ಕೆ ಒತ್ತಿ ನೋಯಿಸಿದರೆ ಆಣಿ. ಬೇರು ಕಿತ್ತರೆ ಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ, ಏಕೆಂದರೆ ಅದಕ್ಕೆ ಬೇರೇ ಇಲ್ಲ. ಒತ್ತುವ ಚಪ್ಪಲಿ ಬದಲಾಗದಿದ್ದರೆ ಅದು ಮರಳಿ ಬರುತ್ತದೆ.

ಉಗುರುಬೆಚ್ಚಗಿನ ನೀರಿನಲ್ಲಿ 10 ನಿಮಿಷ ಪಾದ ನೆನೆಸಿ, ಪ್ಯೂಮಿಸ್ ಕಲ್ಲಿನಿಂದ ಹಗುರವಾಗಿ ಉಜ್ಜಿ, ಯೂರಿಯಾ ಇರುವ ಮುಲಾಮು ಹಚ್ಚುವುದನ್ನು ಕೆಲವು ವಾರ ಮುಂದುವರಿಸಿದರೆ ಜಡ್ಡು ಮೆತ್ತಗಾಗುತ್ತದೆ. ಔಷಧದಂಗಡಿಯಲ್ಲಿ ಸಿಗುವ, ಆಣಿಯ ಮೇಲೆ ಅಂಟಿಸುವ ಔಷಧದ ಪಟ್ಟಿಯಾದ ಕಾರ್ನ್ ಕ್ಯಾಪ್‌ನಲ್ಲಿರುವ ಸ್ಯಾಲಿಸಿಲಿಕ್ ಆಮ್ಲವು ಸುತ್ತಲಿನ ಒಳ್ಳೆಯ ಚರ್ಮವನ್ನೂ ಸುಡಬಲ್ಲದು. ಮಧುಮೇಹಿಗಳೂ ಪಾದದ ಸ್ಪರ್ಶಜ್ಞಾನ ಕುಗ್ಗಿದವರೂ ವೈದ್ಯರನ್ನು ಕೇಳದೆ ಅದನ್ನು ಅಂಟಿಸಲೇಬಾರದು.

ತಂದೆಯವರಿಗೆ ಈಗ ಬೆರಳು ಆಡುವಷ್ಟು ಅಗಲವಾದ, ಮೆತ್ತನೆಯ ಅಟ್ಟೆಯ ಪಾದರಕ್ಷೆ ಕೊಡಿಸಿದ್ದೇವೆ (ಪಾದ ಸ್ವಲ್ಪ ಊದಿರುವ ಸಂಜೆಯ ಹೊತ್ತಿನಲ್ಲಿ ಅಳತೆ ನೋಡಿ ಕೊಳ್ಳುವುದು ಒಳ್ಳೆಯದು). ಪ್ರತಿ ರಾತ್ರಿ ಅವರ ಅಂಗಾಲನ್ನು ನಾನೇ ದೀಪದ ಬೆಳಕಿನಲ್ಲಿ ಪರೀಕ್ಷಿಸುತ್ತೇನೆ.