ಟೂಲಿಂಗ್ ಪಿಒ ಬಂತಾ?

ಕಷ್ಟದಲ್ಲಿರುವ ಕಾರು ಕಂಪನಿಯೊಂದು ಎಲೆಕ್ಟ್ರಿಕ್ ಕಾರು ಘೋಷಿಸಿ ಬಿಡಿಭಾಗಗಳಿಗೆ ಕೊಟೇಶನ್ ಕೇಳಿತು ಅಂದರೆ ಸಪ್ಲೈಯರ್ ಕಡೆಯ ಮೀಟಿಂಗಿನಲ್ಲಿ ಎರಡು ಪಂಗಡ ಆಗೇ ಆಗುತ್ತವೆ. ಮಾರ್ಕೆಟಿಂಗ್‌ನವರು "ಈಗ ಒಳಗೆ ಹೋಗದಿದ್ದರೆ ಆಮೇಲೆ ನಮ್ಮನ್ನು ಯಾರೂ ಕರೆಯಲ್ಲ" ಅಂತಾರೆ. ಫೈನಾನ್ಸ್‌ನವರು "ಹಳೇ ಬಿಲ್ಲೇ ಕ್ಲಿಯರ್ ಆಗಿಲ್ಲ, ಹೊಸದಕ್ಕೆ ಎಲ್ಲಿಂದ ಹಾಕೋಣ" ಅಂತಾರೆ. ಖರ್ಚಿನ ಲೆಕ್ಕ ಹಾಕಲು ಕೂತವರು ಈ ಜಗಳಕ್ಕೆ ತೀರ್ಪು ಕೊಡಲು ಹೋಗಬಾರದು. ಆ ಕಂಪನಿಯ ಜೇಬಿನಿಂದ ವಾಪಸ್ ಬರಲಾಗದ ದುಡ್ಡು ಎಲ್ಲೆಲ್ಲಿ ಹೊರಟಿದೆ, ಅದನ್ನು ಹುಡುಕಿದರೆ ಸಾಕು. ಸಪ್ಲೈಯರ್ ಪಾಲಿಗೆ ಅದರ ಗುರುತು ಟೂಲಿಂಗ್ ಪಿಒ, ಅಂದರೆ ಬಿಡಿಭಾಗದ ಅಚ್ಚು, ಡೈ ಮಾಡಲು ಕಸ್ಟಮರ್ ಕೊಡುವ ಖರೀದಿ ಆದೇಶ.

ಇದನ್ನು ಕಲಿಯಲು 2008–09ರ ಡೆಟ್ರಾಯಿಟ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕ್ರೈಸ್ಲರ್ 2009ರ ಏಪ್ರಿಲ್ 30ರಂದು ದಿವಾಳಿ ಅರ್ಜಿ ಹಾಕಿತು, ಜನರಲ್ ಮೋಟರ್ಸ್ (ಜಿಎಂ) ಜೂನ್ 1ರಂದು. ಎಲೆಕ್ಟ್ರಿಕ್ ಯೋಜನೆ ಇಬ್ಬರ ಹತ್ತಿರವೂ ಇತ್ತು.

ಕ್ರೈಸ್ಲರ್ 2008ರ ಸೆಪ್ಟೆಂಬರಿನಲ್ಲಿ ಒಂದೇ ಏಟಿಗೆ ಮೂರು ಗಾಡಿ ತೋರಿಸಿತ್ತು: ಡಾಡ್ಜ್ ಸ್ಪೋರ್ಟ್ಸ್ ಕಾರು, ಜೀಪ್, ಮಿನಿವ್ಯಾನ್. 2010ಕ್ಕೆ ಒಂದಾದರೂ ಮಾರುಕಟ್ಟೆಗೆ ಬರುತ್ತದೆ ಎಂದಿತ್ತು. ಆದರೆ ಡಾಡ್ಜ್‌ನ ಬಾಡಿ ಲೋಟಸ್ ಯೂರೋಪಾದ್ದು, ಉಳಿದೆರಡು ಆಗಲೇ ಓಡುತ್ತಿದ್ದ ಮಾಡೆಲ್‌ಗಳು. ಬೇರೆಯವರ ಬಾಡಿ ಹಾಕಿ ತೋರಿಸಿದ ಗಾಡಿ ಎಂದರೆ ಬಾಡಿ ಒತ್ತುವ ಸ್ವಂತ ಡೈಗೆ ಇನ್ನೂ ಕೈ ಹಾಕಿಲ್ಲ ಎಂದೇ ಲೆಕ್ಕ. ದಿವಾಳಿಯ ನಂತರ ಆಡಳಿತಕ್ಕೆ ಇಟಲಿಯ ಫಿಯಟ್ ಬಂದ ಮೇಲೆ, 2009ರ ನವೆಂಬರಿನ ಹೊತ್ತಿಗೆ, ಆ ಎಲೆಕ್ಟ್ರಿಕ್ ತಂಡವನ್ನೇ ಬರ್ಖಾಸ್ತು ಮಾಡಿದರು.

ಜಿಎಂನ ವೋಲ್ಟ್ ಮೇಲೂ, ಅಂದರೆ ಬ್ಯಾಟರಿ ಮುಗಿದ ಮೇಲೆ ಪೆಟ್ರೋಲ್ ಎಂಜಿನ್ ಸಹಾಯದಿಂದ ಓಡುವ ಅದರ ಎಲೆಕ್ಟ್ರಿಕ್ ಕಾರಿನ ಮೇಲೂ, ಅನುಮಾನ ಕಡಿಮೆ ಇರಲಿಲ್ಲ. ತನ್ನ ಹಿಂದಿನ ಎಲೆಕ್ಟ್ರಿಕ್ ಕಾರಾದ ಇವಿ1ಗಳನ್ನು ಗಿರಾಕಿಗಳಿಂದ ವಾಪಸ್ ತೆಗೆದುಕೊಂಡು ಪುಡಿ ಮಾಡಿದ ಕಂಪನಿಯೇ ಇದು. 2009ರ ಮಾರ್ಚಿನಲ್ಲಿ ಸರ್ಕಾರದ ಆಟೋ ಟಾಸ್ಕ್ ಫೋರ್ಸ್ ಕೂಡ ಈ ಕಾರು ಸದ್ಯಕ್ಕೆ ಮಾರುಕಟ್ಟೆಯಲ್ಲಿ ಗೆಲ್ಲಲಾರದಷ್ಟು ದುಬಾರಿ ಆಗಬಹುದು ಎಂದು ಬರೆಯಿತು. ಆದರೆ ಖರ್ಚಿನ ಜಾಡು ನೋಡಿ. 2009ರ ಜನವರಿಯಲ್ಲಿ ಸೆಲ್‌ಗೆ (ಬ್ಯಾಟರಿಯ ಬಿಡಿ ಘಟಕಕ್ಕೆ) ಎಲ್‌ಜಿ ಕೆಮ್ ಎಂದು ತೀರ್ಮಾನ. ದಿವಾಳಿ ಅರ್ಜಿ ಹಾಕಿದ ಅದೇ ಜೂನ್‌ನಲ್ಲಿ ಮಿಷಿಗನ್‌ನ ವಾರನ್‌ನಲ್ಲಿ ಪ್ರೀ-ಪ್ರೊಡಕ್ಷನ್ ಗಾಡಿಗಳ ಜೋಡಣೆ ಶುರು. ಆಗಸ್ಟಿನಲ್ಲಿ ಬ್ರೌನ್ಸ್‌ಟೌನ್‌ನ ಬ್ಯಾಟರಿ ಪ್ಯಾಕ್ ಘಟಕಕ್ಕೆ 4.3 ಕೋಟಿ ಡಾಲರ್. 2010ರ ಜನವರಿಯಲ್ಲಿ ಅಲ್ಲಿ ಮೊದಲ ಪ್ಯಾಕ್, ಡಿಸೆಂಬರಿನಲ್ಲಿ ಗಿರಾಕಿಗೆ ಕಾರು. ಮೇಲಾಗಿ ಪ್ಲಾಟ್‌ಫಾರ್ಮ್ ಶೆವರ್ಲೆ ಕ್ರೂಜ್ ಜೊತೆ ಹಂಚಿಕೊಂಡದ್ದು. ವೋಲ್ಟ್ ಸತ್ತರೂ ಕ್ರೂಜ್‌ಗೆ ಹೋಗುವ ಪಾರ್ಟ್ ಮಾಡುವವನಿಗೆ ಕೆಲಸ ಉಳಿಯುತ್ತಿತ್ತು.

ಹಾಗಂತ ಅನುಮಾನ ಪಟ್ಟವರು ಸೋತರು ಅನ್ನುವ ಹಾಗಿಲ್ಲ. ಕಾರು ಬರುತ್ತದೆ ಎಂದವರು ಗೆದ್ದರು. ಹೇಳಿದಷ್ಟು ಓಡಲ್ಲ ಎಂದವರೂ ಗೆದ್ದರು. ವೋಲ್ಟ್‌ನದು 16 ಕಿಲೋವ್ಯಾಟ್-ಅವರ್ ಪ್ಯಾಕ್. ಎಂಟು ವರ್ಷದ ವಾರಂಟಿ ಕೊಟ್ಟದ್ದರಿಂದ ಬ್ಯಾಟರಿಯನ್ನು ಪೂರ್ತಿ ತುಂಬುವ ಹಾಗೂ ಇಲ್ಲ, ಪೂರ್ತಿ ಖಾಲಿ ಮಾಡುವ ಹಾಗೂ ಇಲ್ಲ. ಬಳಕೆಗೆ ಸಿಕ್ಕಿದ್ದು 10.4. ಹದಿನಾರಕ್ಕೆ ದುಡ್ಡು ಕೊಟ್ಟು ಹತ್ತನ್ನು ಮಾರುವ ವ್ಯಾಪಾರ. ಬೆಲೆ 41,000 ಡಾಲರ್, ಪೆಟ್ರೋಲ್ ಎಂಜಿನ್ ಮುಟ್ಟದೆ ಓಡುವುದು 56 ಕಿಮೀ. 2009ರ ಆಗಸ್ಟಿನಲ್ಲಿ ನಗರದೊಳಗೆ ಗ್ಯಾಲನ್ನಿಗೆ 230 ಮೈಲಿ ಎಂದು ಸಾರಿದ್ದರು, ಅಂದರೆ ಲೀಟರಿಗೆ ಸುಮಾರು 98 ಕಿಮೀ. ಕೊನೆಗೆ ಸರ್ಕಾರಿ ಚೀಟಿಯಲ್ಲಿ ಬರೀ ಪೆಟ್ರೋಲಿನ ಓಟಕ್ಕೆ ಬಂದದ್ದು 37 ಮೈಲಿ, ಲೀಟರಿಗೆ 16 ಕಿಮೀಗೂ ಕಮ್ಮಿ. ಇಂಥ ಸಂಖ್ಯೆ ಪ್ರೆಸೆಂಟೇಶನ್ನಿನಲ್ಲಿ ಕಂಡರೆ ವಾಲ್ಯೂಮ್ ಅಂದಾಜನ್ನೂ, ಅಂದರೆ ಎಷ್ಟು ಮಾರುತ್ತದೆ ಎನ್ನುವುದನ್ನೂ, ಅದೇ ಕೈ ಬರೆದಿರುತ್ತದೆ ಎಂದುಕೊಳ್ಳಿ. 2012ಕ್ಕೆ ಅಮೆರಿಕದಲ್ಲಿ 45,000 ಎಂದಿದ್ದರು, ಮಾರಿದ್ದು 23,461.

ಈ ಅರ್ಧಕ್ಕೆ ಅರ್ಧ ನಮ್ಮ ಶೀಟಿನಲ್ಲಿ ಏನು ಮಾಡುತ್ತದೆ ನೋಡಿ. ಒಂದು ಪ್ಲಾಸ್ಟಿಕ್ ಹೌಸಿಂಗ್‌ನ ಮೋಲ್ಡ್ (ಅಚ್ಚು) 80 ಲಕ್ಷ ಎನ್ನೋಣ. ವರ್ಷಕ್ಕೆ 20,000ದಂತೆ ನಾಲ್ಕು ವರ್ಷಕ್ಕೆ ಹರಡಿದರೆ ಪೀಸಿಗೆ 100 ರೂಪಾಯಿ. ವಾಲ್ಯೂಮ್ ಅರ್ಧವಾದರೆ 200, ಕಾಲುಭಾಗಕ್ಕೆ ಇಳಿದರೆ 400. ಪೀಸಿನ ಲಾಭವೇ 40 ರೂಪಾಯಿ ಇರುವಾಗ ಇದನ್ನು ಕೈಜನ್ ಎಂದು ಶಾಪ್‌ಫ್ಲೋರಿನಲ್ಲಿ ಎಷ್ಟು ಸಣ್ಣಪುಟ್ಟ ಸುಧಾರಣೆ ಮಾಡಿದರೂ ತುಂಬಲಾಗದು. ಅದಕ್ಕೇ ಟೂಲ್ ಖರ್ಚನ್ನು ಪೀಸ್ ರೇಟಿನೊಳಗೆ ಸೇರಿಸಬೇಡಿ, ಪ್ರತ್ಯೇಕ ಟೂಲಿಂಗ್ ಪಿಒ ಕೇಳಿ: 30% ಮುಂಗಡ, 40% ಟಿ1 ಸ್ಯಾಂಪಲ್ (ಮೋಲ್ಡಿನ ಮೊದಲ ಟ್ರಯಲ್ ಪೀಸ್) ಬಂದಾಗ, 30% ಪಿಪಿಎಪಿ (ಪಾರ್ಟ್ ಉತ್ಪಾದನೆಗೆ ಕಸ್ಟಮರ್ ಒಪ್ಪಿಗೆ) ಸಹಿಯಾದಾಗ. ಪರ್ಚೇಸ್‌ನವರು ಎಲ್‌ಒಐ (ಆರ್ಡರ್ ಕೊಡುವ ಇರಾದೆಯ ಪತ್ರ) ಕಳಿಸಿ "ಸರ್, ಸ್ಟೀಲ್ ಆರ್ಡರ್ ಮಾಡಿಬಿಡಿ, ಪಿಒ ಸೋಮವಾರ ಬರುತ್ತೆ" ಅಂತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ. ಮುಂಗಡ ಬ್ಯಾಂಕಿಗೆ ಬೀಳುವವರೆಗೆ ಮೋಲ್ಡ್ ಬೇಸ್ (ಅಚ್ಚಿನ ಚೌಕಟ್ಟು) ಕೂಡ ಬುಕ್ ಮಾಡಬೇಡಿ. ತೀರಾ ಒತ್ತಡ ಬಂದರೆ ಅಲ್ಯೂಮಿನಿಯಂ ಸಾಫ್ಟ್ ಟೂಲ್ (ಕಮ್ಮಿ ಬಾಳಿಕೆಯ ಅಚ್ಚು) ಕೋಟ್ ಮಾಡಿ. ಕೆಲವು ಸಾವಿರ ಪೀಸ್ ತೆಗೆಯಬಹುದು, ಅಷ್ಟರಲ್ಲಿ ಪ್ರಾಜೆಕ್ಟಿನ ಹಣೆಬರಹ ತಿಳಿಯುತ್ತದೆ.

ಮೆಟೀರಿಯಲ್‌ನಲ್ಲೂ ಇದೇ ಎಚ್ಚರ. ಕಸ್ಟಮರ್ ಕಳಿಸುವ ಶೆಡ್ಯೂಲಿನಲ್ಲಿ ಮೊದಲ ತಿಂಗಳು ಫರ್ಮ್ (ಖಚಿತ), ಮುಂದಿನ ಎರಡು ಬರೀ ಟೆಂಟೇಟಿವ್ (ಅಂದಾಜು). ನಾಲ್ಕು ವಾರದ ಫಿನಿಶ್ಡ್ ಗೂಡ್ಸ್, ಎಂಟು ವಾರದ ಕಚ್ಚಾ ಮಾಲು ಅವರ ಜವಾಬ್ದಾರಿ ಎಂದು ಕಾಂಟ್ರಾಕ್ಟಿನಲ್ಲಿ ಬರೆಸಿ. ಎಲೆಕ್ಟ್ರಿಕ್ ಗಾಡಿಯಲ್ಲಿ ಇದು ಪೆಟ್ರೋಲ್ ಗಾಡಿಗಿಂತ ಹೆಚ್ಚು ಬಾಧಿಸುತ್ತದೆ: ಮಿಕ್ಕ ಬ್ರಾಕೆಟ್ ಶೀಟನ್ನು ಇನ್ನೊಬ್ಬ ಕಸ್ಟಮರ್‌ಗೆ ತಿರುಗಿಸಬಹುದು, ಕಿತ್ತಳೆ ಬಣ್ಣದ ಹೈ-ವೋಲ್ಟೇಜ್ ಕನೆಕ್ಟರ್, ಅಳತೆಗೆ ಮಡಿಸಿದ ಬಸ್‌ಬಾರ್ (ಕರೆಂಟ್ ಒಯ್ಯುವ ಲೋಹದ ಪಟ್ಟಿ), ಕೂಲಿಂಗ್ ಪ್ಲೇಟ್ ಗುಜರಿಗೇ ಹೋಗುತ್ತವೆ.

ಉತ್ಪಾದನೆ ಶುರುವಾದ ಮೇಲೂ ಡ್ರಾಯಿಂಗ್ ಬದಲಾಗುತ್ತದೆ. 2011ರ ಮೇನಲ್ಲಿ ವೋಲ್ಟ್ ಒಂದನ್ನು ಪಕ್ಕದಿಂದ ಕಂಬಕ್ಕೆ ಗುದ್ದಿಸಿ ಸರ್ಕಾರ ಪರೀಕ್ಷೆ ಮಾಡಿತು. ಮೂರು ವಾರದ ನಂತರ ಯಾರ್ಡಿನಲ್ಲಿ ನಿಂತಿದ್ದ ಆ ಕಾರಿಗೆ ಬೆಂಕಿ ಬಿತ್ತು. ಪ್ಯಾಕಿನೊಳಗೆ ಕೂಲಂಟ್ (ತಂಪು ಮಾಡುವ ದ್ರವ) ಸೋರಿತ್ತು, ಬ್ಯಾಟರಿಯನ್ನು ಡಿಸ್‌ಚಾರ್ಜ್ ಮಾಡದೆ ಹಾಗೇ ಬಿಟ್ಟಿದ್ದರು. ಪರಿಹಾರ ನೋಡಿದರೆ ಸಣ್ಣದು: ಪ್ಯಾಕ್ ಸುತ್ತಲ ಬಾಡಿಗೆ ಬಲ, ಕೂಲಂಟ್ ತೊಟ್ಟಿಗೆ ಲೆವೆಲ್ ಸೆನ್ಸರ್, ಯಾರೂ ಮೇಲಿನವರೆಗೆ ತುಂಬದಂತೆ ಒಂದು ಬ್ರಾಕೆಟ್. ಆದರೆ ಆ ಬ್ರಾಕೆಟ್ ಮಾಡುವವನಿಗೆ ಅದು ಹೊಸ ಟೂಲ್, ಹೊಸ ಪಿಪಿಎಪಿ. ಬದಲಾವಣೆಯ ಖರ್ಚು ಯಾರದ್ದು, ಎಷ್ಟು ದಿನದಲ್ಲಿ ಪಾವತಿ ಎನ್ನುವ ಸಾಲು ಮೊದಲ ದಿನವೇ ಇರಬೇಕು.

ಎಂಜಿನಿಯರಿಂಗ್ ಎಲ್ಲ ಸರಿಯಿದ್ದೂ ಒಡೆತನ ಬದಲಾಗಿ ಮುರಿದದ್ದಕ್ಕೆ ಉದಾಹರಣೆ ನಮ್ಮ ಬೆಂಗಳೂರಲ್ಲೇ ಇದೆ. 2009ರಲ್ಲಿ ಇಲ್ಲಿನ ಎಲೆಕ್ಟ್ರಿಕ್ ಕಾರು ಕಂಪನಿ ರೇವಾ ಮತ್ತು ಜಿಎಂ ಇಂಡಿಯಾ ಸೇರಿ ಜಿಎಂನ ಸಣ್ಣ ಕಾರು ಸ್ಪಾರ್ಕ್ ಅನ್ನು ಎಲೆಕ್ಟ್ರಿಕ್ ಮಾಡುವ ಒಪ್ಪಂದ ಮಾಡಿಕೊಂಡವು. 2010ರ ಜನವರಿಯಲ್ಲಿ ದೆಹಲಿ ಆಟೋ ಎಕ್ಸ್‌ಪೋದಲ್ಲಿ ಗಾಡಿ ನಿಂತಿತ್ತು. ಮೇನಲ್ಲಿ ಮಹೀಂದ್ರಾ ರೇವಾದ 55.2% ಪಾಲು ಕೊಂಡಿತು, ಒಪ್ಪಂದ ಅಲ್ಲಿಗೆ ಮುಗಿಯಿತು. ಒಡೆತನ ಕೈ ಬದಲಾಯಿಸಿದರೆ ಬಾಕಿ ಟೂಲ್ ಹಣ ಮತ್ತು ಮಾಲಿನ ಹಣ 30 ದಿನದಲ್ಲಿ ಸಲ್ಲಬೇಕು ಎಂಬ ಷರತ್ತನ್ನು ಲೀಗಲ್‌ನವರು ಹೊಡೆದುಹಾಕಲು ನೋಡುತ್ತಾರೆ. ಬಿಡಬೇಡಿ.

ಕೊನೆಯದು ಟೂಲ್ ಯಾರದ್ದು ಎನ್ನುವುದು. ನಮ್ಮ ದಿವಾಳಿ ಕಾನೂನಿನಲ್ಲಿ ಸಪ್ಲೈಯರ್ ಆಪರೇಶನಲ್ ಕ್ರೆಡಿಟರ್, ಅಂದರೆ ಸಾಲ ಕೊಟ್ಟವನಲ್ಲ, ಮಾಲು ಕೊಟ್ಟು ಹಣ ಬರಬೇಕಾದವನು; ಸಾಲ ಕೊಟ್ಟ ಬ್ಯಾಂಕುಗಳ ಸಮಿತಿಯಲ್ಲಿ ಅವನಿಗೆ ಓಟಿಲ್ಲ. ಕೈಯಲ್ಲಿ ಉಳಿಯುವ ಬಲ ಅಂದರೆ ಶಾಪ್‌ಫ್ಲೋರಿನಲ್ಲಿರುವ ಆ ಮೋಲ್ಡ್. ಪೂರ್ತಿ ಹಣ ಬರುವವರೆಗೆ ಟೂಲ್ ನಮ್ಮದೇ ಎಂದು ಪಿಒದಲ್ಲಿ ಬರೆಸಿ. ಕಸ್ಟಮರ್ ಹೆಸರು, ಆಸೆಟ್ ನಂಬರ್ ಕೆತ್ತಿದ ತಗಡನ್ನು ಅವರು ಮೊದಲೇ ಕಳಿಸಿ, ಮೋಲ್ಡಿಗೆ ಹೊಡೆದು ಫೋಟೊ ಕಳಿಸಿ ಅಂತಾರೆ. ಕೊನೆಯ 30% ಬರುವವರೆಗೆ ಆ ತಗಡು ಟೂಲ್ ರೂಮಿನ ಡ್ರಾಯರಿನಲ್ಲೇ ಇರಲಿ.