ಮೊಸರಿನ ಕಪ್ಪಿನ ಕ್ಯಾಲರಿಮೀಟರ್: ಹಿತ್ತಾಳೆ ಲೆಕ್ಕ ಕೂಡಿಬಂತು

ಅಂತೂ ಹಿತ್ತಾಳೆಯ ವಿಶಿಷ್ಟ ಶಾಖ 0.38 ಬಂತು. ಅಂದರೆ ಒಂದು ಗ್ರಾಂ ಹಿತ್ತಾಳೆ ಒಂದು ಡಿಗ್ರಿ ಬಿಸಿಯಾಗಲು 0.38 ಜೂಲ್ ಬೇಕು. ಪುಸ್ತಕದಲ್ಲಿರುವುದೂ ಹೆಚ್ಚುಕಡಿಮೆ ಇಷ್ಟೇ. ಹಿಂದಿನ ಸಲ ಇದೇ ತುಂಡು 0.35ಕ್ಕೆ ನಿಂತಿತ್ತು.

ಸಾಮಾನು, ಅಂದರೆ ಶಾಖ ಅಳೆಯುವ ಪಾತ್ರೆಯಾದ ಕ್ಯಾಲರಿಮೀಟರ್, ಹಳೆಯದೇ. ಟೀವಿ ಡಬ್ಬದ ಥರ್ಮೋಕೋಲ್ ಕೊರೆದು ಅದರೊಳಗೆ ಮೊಸರಿನ ಪ್ಲಾಸ್ಟಿಕ್ ಕಪ್, ಮೇಲೊಂದು ಮುಚ್ಚಳ, ತೂತಿನಲ್ಲಿ ಡಿಜಿಟಲ್ ಥರ್ಮಾಮೀಟರ್. ಪಿಯುಸಿ ಲ್ಯಾಬಿನ ತಾಮ್ರದ ಕ್ಯಾಲರಿಮೀಟರ್‌ನಷ್ಟು ಚೆಂದ ಇಲ್ಲ, ಆದರೆ ಹಗುರ. 7 ಗ್ರಾಂ ತೂಕದ ಈ ಕಪ್ ಹೀರುವ ಶಾಖ ಸುಮಾರು 3 ಗ್ರಾಂ ನೀರಿನದಕ್ಕೆ ಸಮ. ಹಾಗಾಗಿ 147 ಗ್ರಾಂ ನೀರು ಹಾಕಿ, ಲೆಕ್ಕದಲ್ಲಿ 150 ಅಂತ ಹಿಡಿಯುತ್ತೇನೆ.

ಬಿಸಿ ಮಾಡುವುದು ಹಳೇ ತಕ್ಕಡಿಯ 200 ಗ್ರಾಂ ಹಿತ್ತಾಳೆ ತೂಕವನ್ನು. ಆಮೇಲೆ ಅದನ್ನು ಕಪ್ಪಿನ ತಣ್ಣೀರಿಗೆ ಹಾಕಿ, ನೀರು ಎಷ್ಟು ಬಿಸಿಯಾಯಿತು ಅಂತ ನೋಡುವುದು. ದಾರ ಕಟ್ಟಿ ಕುದಿಯುವ ನೀರಿನಲ್ಲಿ ಇಳಿಬಿಡಬೇಕು, ತಳಕ್ಕೆ ತಾಗಬಾರದು. ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಊರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಅಲ್ವಾ? ಸುಮ್ನೆ 100 ಅಂತ ಬರೆದರೆ ಹಿಂದಿನ 0.35 ಇನ್ನೂ ಕುಸಿದು 0.34 ಆಗುತ್ತದೆ.

ಎತ್ತಿದ ತಕ್ಷಣ ಒಮ್ಮೆ ಜೋರಾಗಿ ಕೊಡವಲೇಬೇಕು. ತೂಕದ ಕುತ್ತಿಗೆಯ ಸಂದಿಯಲ್ಲಿ ಬಿಸಿನೀರು ಕೂತಿರುತ್ತದೆ. ಅದು ಒಂದೇ ಗ್ರಾಂ ಇದ್ದರೂ ಕಪ್ಪಿಗೆ 285 ಜೂಲ್ ತಂದು ಸುರಿಯುತ್ತದೆ. ಹಿತ್ತಾಳೆ ಕೊಡುವುದೇ 5,150 ಜೂಲ್ ಆಸುಪಾಸು. ಹಾಗಂತ ಕೊಡವುತ್ತಾ ನಿಂತರೆ ಹಿತ್ತಾಳೆಯೇ ತಣ್ಣಗಾಗುತ್ತದೆ. ಅದಕ್ಕೇ ಕಪ್ಪನ್ನು ಒಲೆಯ ಪಕ್ಕದಲ್ಲೇ ಇಟ್ಟು, ನಡುವೆ ಒಂದು ಹಲಗೆ ಮರೆಮಾಡಿದೆ.

ಈ ಸಲದ ಮುಖ್ಯ ಬದಲಾವಣೆ ನೀರಿನದು. ಕೋಣೆ 25 ಡಿಗ್ರಿ ಇತ್ತು. ಹಿಂದೆ ನೀರೂ 25ರಿಂದಲೇ ಶುರುವಾಗಿ 32.3ಕ್ಕೆ ನಿಂತಿತ್ತು. ಅಂದರೆ ಉದ್ದಕ್ಕೂ ಶಾಖ ಹೊರಗೇ ಸೋರುತ್ತಿತ್ತು. ಈಗ ಫ್ರಿಜ್ ನೀರು ಬೆರೆಸಿ 21ಕ್ಕೆ ಇಳಿಸಿದೆ. ಕೊನೆಗೆ 29.2. ಮೊದಲರ್ಧದಲ್ಲಿ ಕೋಣೆಯಿಂದ ಬಂದದ್ದು, ಉಳಿದರ್ಧದಲ್ಲಿ ಕೋಣೆಗೆ ಹೋದದ್ದು, ಎರಡೂ ಬಹುಮಟ್ಟಿಗೆ ವಜಾ. ಇದು ಕೌಂಟ್ ರಮ್‌ಫೋರ್ಡ್‌ನ ಉಪಾಯ. ಫಿರಂಗಿ ಕೊರೆಯುವಾಗ ಹುಟ್ಟುವ ಶಾಖದ ಬಗ್ಗೆ 1798ರಲ್ಲಿ ಬರೆದನಲ್ಲ, ಅವನೇ.

ಲೆಕ್ಕ ಇಷ್ಟೇ: 150 × 4.186 × 8.2 ಅನ್ನು 200 × 67.8ರಿಂದ ಭಾಗಿಸಿ. 4.186 ನೀರಿನ ವಿಶಿಷ್ಟ ಶಾಖ, 8.2 ನೀರು ಏರಿದ ಡಿಗ್ರಿ, 67.8 ಹಿತ್ತಾಳೆ ಇಳಿದ ಡಿಗ್ರಿ. 0.38.

ಆದರೂ ಈ ಉಪಾಯದ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ. ತಾಪ ಸರ್ರನೆ ಏರಿ, ಆಮೇಲೆ ಮೇಲೇ ಜಾಸ್ತಿ ಹೊತ್ತು ನಿಲ್ಲುತ್ತದೆ. ಎರಡೂ ಅರ್ಧ ಸಮ ಅನ್ನುವುದು ಅಂದಾಜು ಮಾತ್ರ. ಮುಂದಿನ ಸಲ ಅರ್ಧ ನಿಮಿಷಕ್ಕೊಮ್ಮೆ ತಾಪ ಬರೆದು ಗ್ರಾಫ್ ಎಳೆದು, ತಣಿಯುವ ಗೆರೆಯನ್ನು ಹಿಂದಕ್ಕೆ ಚಾಚಿ, ಸೋರದಿದ್ದರೆ ತಾಪ ಎಲ್ಲಿಗೆ ಏರುತ್ತಿತ್ತು ಅಂತ ನೋಡುತ್ತೇನೆ.

ಆಮೇಲೆ ಐಸಿನ ಸರದಿ. ಅದು ಕರಗಲು ಬೇಕಾದ ಶಾಖ ಅಳೆಯಬೇಕು; ಬರಬೇಕಾದದ್ದು ಗ್ರಾಂಗೆ 334 ಜೂಲ್. ಫ್ರೀಜರ್‌ನಿಂದ ತೆಗೆದ ಐಸು ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ, ಅದು ಬೆವರುವ ತನಕ ಕಾಯಬೇಕು. ಬೆವರಿದ ಮೇಲೆ ಆ ನೀರನ್ನು ಒರೆಸಿ ಹಾಕಬೇಕು. ಬ್ಲಾಟಿಂಗ್ ಪೇಪರ್ ಹುಡುಕುತ್ತಿದ್ದೇನೆ.